ಕೊಟ್ರಪ್ಪನ ನೀಲಿ ನೆಲ

ಬೆಟಗೇರಿಯ ಹಳೇ ಗಿರಣಿ ಓಣಿಯ ಕೊಟ್ರಪ್ಪ ಹೊಲಿಗೆ ಮಷೀನು ರಿಪೇರಿ ಮಾಡುವವನು. ಐವತ್ತೆರಡು ವರ್ಷ ತುಂಬುವವರೆಗೂ ಅವನಿಗೆ ನೆಲದ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಕೈಜಾರಿ ಬಿದ್ದ ಸ್ಕ್ರೂ ಹುಡುಕುವಾಗ ಬಿಟ್ಟರೆ ಅವನು ನೆಲವನ್ನು ನೋಡಿದವನೇ ಅಲ್ಲ. ಅಂಥವನ ತಲೆಗೆ ನೆಲ ಹೊಕ್ಕಿದ್ದು ಲಕ್ಷ್ಮೇಶ್ವರದಲ್ಲಿ, ಅದೂ ಷಡ್ಡಕನ ಮನೆಯಲ್ಲಿ.

ಷಡ್ಡಕ ಮಹಾದೇವ, ಅಂದರೆ ಕೊಟ್ರಪ್ಪನ ಹೆಂಡತಿ ರೇಣುಕವ್ವನ ತಂಗಿಯ ಗಂಡ. ವಯಸ್ಸಿನಲ್ಲಿ ಒಂಬತ್ತು ವರ್ಷ ಚಿಕ್ಕವನು. ಮನೆಯ ಹಿಂದೆ ಬೈಕು ರಿಪೇರಿಗೆಂದು ಹೊಸ ಗ್ಯಾರೇಜು ಕಟ್ಟಿಸಿದ್ದ. ಪೂಜೆಗೆ ಹೋದ ಕೊಟ್ರಪ್ಪ ಇನ್ನೇನು ಒಳಗೆ ಕಾಲಿಡಬೇಕು, ಮಹಾದೇವ ಅಡ್ಡ ಬಂದ.

"ಅಣ್ಣಾರ, ಚಪ್ಲಿ ಅಲ್ಲೇ ಬಿಡ್ರಿ."

"ಗ್ಯಾರೇಜಿಗೆ ಚಪ್ಲಿ ಬಿಟ್ಟು ಬರಬೇಕ?"

"ಒಳಗ ಎಪಾಕ್ಸಿ ಐತ್ರಿ."

ಎಪಾಕ್ಸಿ ಎಂಬುದು ನಾಯಿಯ ಹೆಸರಿರಬೇಕೆಂದು ತಿಳಿದ ಕೊಟ್ರಪ್ಪ ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಇಣುಕಿದ. ನಾಯಿ ಇರಲಿಲ್ಲ. ನೆಲವಿತ್ತು. ಎಂಥ ನೆಲ! ಒಂದು ಗೆರೆ ಇಲ್ಲ, ಒಂದು ಸಂದಿ ಇಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಅದರೊಳಗಿಂದ ಬರಿಗಾಲಿನ ಒಬ್ಬ ಮುದುಕ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. ಅದು ತಾನೇ ಎಂದು ಗೊತ್ತಾಗಲು ಕೊಟ್ರಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎರಡು ಡಬ್ಬಿಗಳ ಅಂಟನ್ನು ಕಲಸಿ ಸುರಿದರೆ ಗಟ್ಟಿಯಾಗಿ ಹೀಗಾಗುತ್ತದೆಂದು ಮಹಾದೇವ ವಿವರಿಸಿದ. ಅದನ್ನು ಕೊಟ್ರಪ್ಪ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿದ್ದು ಪಕ್ಕದಲ್ಲಿ ರೇಣುಕವ್ವ ಬಿಟ್ಟ ನಿಟ್ಟುಸಿರು ಮಾತ್ರ.

"ನಮ್ಮ ತಂಗಿ ಪುಣ್ಯಾ ಮಾಡ್ಯಾಳ. ಈ ನೆಲಾ ನೋಡಿಕೋತ ಕುಂಕುಮ ಹಚ್ಚಿಕೋಬಹುದು."

ವಾಪಸು ಬರುವ ಬಸ್ಸು ಯಳವತ್ತಿ ದಾಟುವವರೆಗೆ ಕೊಟ್ರಪ್ಪ ಬಸ್ಸಿನ ನೆಲವನ್ನೇ ನೋಡಿದ. ಸೊರಟೂರ ಬರುವಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು.

"ನಮ್ಮ ವರ್ಕ್‌ಶಾಪಿಗೂ ಹಾಕಸ್ತೀನಿ."

"ಹೊಲಿಗಿ ಮಷೀನಿಗೆ ಕನ್ನಡಿ ಯಾಕ್ರಿ?" ಎಂದಳು ರೇಣುಕವ್ವ. ಪ್ರಶ್ನೆ ಸರಿಯಾಗಿಯೇ ಇತ್ತು. ಆದ್ದರಿಂದ ಕೊಟ್ರಪ್ಪ ಕಿಟಕಿಯ ಆಚೆ ನೋಡತೊಡಗಿದ.

ಹುಬ್ಬಳ್ಳಿಯಿಂದ ಸಾಮಾನು ಬಂತು. ದೊಡ್ಡ ಡಬ್ಬಿ, ಸಣ್ಣ ಡಬ್ಬಿ, ಉದ್ದ ಕೋಲಿನ ರೋಲರ್. ಬಣ್ಣ ಆಕಾಶ ನೀಲಿ. ಮಹಾದೇವನದು ಬೂದಿ ಬಣ್ಣದ್ದಾಗಿದ್ದರಿಂದ ಬೂದಿ ಬಿಟ್ಟು ಯಾವುದಾದರೂ ಆದೀತು ಎಂದು ಕೊಟ್ರಪ್ಪ ಅಂಗಡಿಯವನಿಗೆ ಹೇಳಿದ್ದ. ಸುದ್ದಿ ಕೇಳಿ ಮಹಾದೇವ ಫೋನು ಮಾಡಿದ.

"ಅಣ್ಣಾರ, ಹಸಿ ನೆಲದ ಮ್ಯಾಲ ಅಡ್ಡಾಡಾಕ ತಳಕ್ಕ ಮೊಳಿ ಇರೋ ಚಪ್ಲಿ ಬರ್ತಾವ. ನನ್ನಲ್ಲಿ ಒಂದ್ ಜೋಡ ಅದಾವು, ಕಳಸ್ಲೇನ್ರಿ? ಮತ್ತ ಹಚ್ಚೂ ಮುಂದ ಮೊದಲ..."

"ಎಲ್ಲಾ ಗೊತ್ತೈತಿ ನನಗ," ಎಂದು ಕೊಟ್ರಪ್ಪ ಫೋನು ಇಟ್ಟ. ಷಡ್ಡಕನ ಮಾತು ಕೇಳಿ ಮಾಡಿದರೆ ಅದು ಷಡ್ಡಕನ ನೆಲವೇ ಆದಂತಲ್ಲವೆ?

ಮೇ ತಿಂಗಳ ಒಂದು ಸೋಮವಾರ, ಮುಂಜಾನೆ ಏಳಕ್ಕೆ ಕೆಲಸ ಶುರುವಾಯಿತು. ಹನ್ನೊಂದು ಮಷೀನುಗಳನ್ನು ಎದುರಿನ ಟೇಲರ್ ಲಾಡಸಾಬನ ಅಂಗಡಿಯ ಕಟ್ಟೆಗೆ ಸಾಗಿಸಿದ್ದಾಗಿತ್ತು. ವರ್ಕ್‌ಶಾಪು ಎಂದರೆ ಮನೆಯ ಮುಂದಿನ ಕೋಣೆ. ಓಣಿಗೆ ಒಂದು ಶಟರ್, ಒಳಗೋಡೆಯಲ್ಲಿ ಅಡುಗೆಮನೆಗೆ ತೆರೆಯುವ ಸರಳಿನ ಕಿಟಕಿ. ಬೇರೆ ಬಾಗಿಲಿಲ್ಲ. ಕಿಟಕಿಯಿಂದ ದೂರದ ಒಳಮೂಲೆಯಲ್ಲಿ, ಕಾಲು ನೆಲದಲ್ಲೇ ಹೂತುಹೋದ ಒಂದು ಸಾಗವಾನಿ ಮೇಜು.

ಡಬ್ಬಿಗಳನ್ನು ಕಲಸಿದ ಮೇಲೆ ಅರ್ಧ ತಾಸಿನೊಳಗೆ ಹಚ್ಚಿ ಮುಗಿಸಬೇಕು, ಇಲ್ಲವಾದರೆ ಬಕೆಟ್ಟಿನಲ್ಲೇ ಕಲ್ಲಾಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಎಲ್ಲಿಂದ ಶುರು ಮಾಡಬೇಕೆಂದು ಬರೆದಿರಲಿಲ್ಲ. ಅಷ್ಟು ಬುದ್ಧಿ ಎಲ್ಲರಿಗೂ ಇರುತ್ತದೆಂದು ಕಂಪನಿಯವರು ತಿಳಿದಿದ್ದರು. ಕೊಟ್ರಪ್ಪ ಯೋಚಿಸಿದ. ನೋಡಲು ಬಂದವರ ಕಣ್ಣು ಮೊದಲು ಬೀಳುವುದು ಬಾಗಿಲಲ್ಲಿ. ಕೈಯಲ್ಲಿ ಹುರುಪು ಇರುವುದೂ ಮೊದಲಲ್ಲೇ. ಹಾಗಾಗಿ ಬಾಗಿಲಿನಿಂದಲೇ ಶುರು ಮಾಡಿ, ಮುಖ ಓಣಿಯ ಕಡೆ, ಬೆನ್ನು ಒಳಗಿನ ಕಡೆ, ಹಿಂದೆ ಹಿಂದೆ ಸರಿಯುತ್ತ ರೋಲರ್ ಎಳೆದ. ಬಣ್ಣ ಹಾಲಿನಂತೆ ಹರಡಿತು. ತನ್ನ ಕೈಗೆ ತಾನೇ ಮರುಳಾಗಿ ಇನ್ನೂ ಹಿಂದೆ ಸರಿದ. ಕೊನೆಗೆ ಸೊಂಟಕ್ಕೆ ಮೇಜು ತಗುಲಿತು. ಮೇಜಿನ ಮುಂದಿದ್ದ ಕೊನೆಯ ಗೇಣು ಜಾಗಕ್ಕೂ ಹಚ್ಚಬೇಕಾದ್ದರಿಂದ ಮೇಜು ಹತ್ತಿ ನಿಂತು ಹಚ್ಚಿದ.

ನೆಲ ಮುಗಿಯಿತು. ಅದ್ಭುತವಾಗಿತ್ತು. ಐದು ನಿಮಿಷ ಅದನ್ನೇ ನೋಡಿದ ಕೊಟ್ರಪ್ಪ, ಈಗ ಹೊರಗೆ ನಿಂತು ನೋಡಬೇಕೆಂದು ಬಾಗಿಲ ಕಡೆ ಕಣ್ಣೆತ್ತಿದ. ಬಾಗಿಲು ಹದಿನೈದು ಅಡಿ ನೀಲಿಯ ಆಚೆ ದಡದಲ್ಲಿತ್ತು.

ಕಿಟಕಿಯಲ್ಲಿ ರೇಣುಕವ್ವನ ಮುಖ ಕಂಡಿತು.

"ಮುಗೀತೇನ್ರಿ? ಬರ್ರಿ, ಚಾ ಆಗೇತಿ."

"ಬರಾಕ ಆಗೂದಿಲ್ಲ."

"ಯಾಕ?"

"ನೆಲ ಹಸಿ ಐತಿ."

"ಎಷ್ಟೊತ್ತ?"

"ಇಪ್ಪತ್ನಾಕ ತಾಸು."

ರೇಣುಕವ್ವ ನೆಲ ನೋಡಿದಳು, ಗಂಡನನ್ನು ನೋಡಿದಳು, ಬಾಗಿಲು ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳಾದ್ದರಿಂದ ಹೆಚ್ಚು ಕೇಳಲಿಲ್ಲ. "ಹಂಗಾರ ನಾಳೆ ಏಳಕ್ಕ ಚಾ ಇಡ್ತೀನಿ," ಎಂದು ಒಳಗೆ ಹೋದಳು.

ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಮನೆಯ ವಿಷಯವಾಗಿ ಉಳಿಯುತ್ತಿತ್ತು. ಆದರೆ ಎಪಾಕ್ಸಿಯ ವಾಸನೆ ಹೋಗಲೆಂದು ಶಟರ್ ಪೂರ್ತಿ ಮೇಲಕ್ಕೆತ್ತಿತ್ತು. ಎಂಟೂವರೆಯ ಬಿಸಿಲು ಸೀದಾ ಒಳಗೆ ಬಿತ್ತು. ಎದುರಿನ ಲಾಡಸಾಬ ಅಂಗಡಿಯ ಬೀಗ ತೆಗೆದು ತಿರುಗಿದವನು ಕಂಡದ್ದಿಷ್ಟು: ಕೊಟ್ರಪ್ಪನ ಕೋಣೆಯ ತುಂಬ ಥಳಥಳಿಸುವ ನೀಲಿ, ಮೂಲೆಯಲ್ಲಿ ಮೇಜಿನ ಮೇಲೆ ಮೊಣಕಾಲು ಮಡಚಿಕೊಂಡು ಕುಳಿತ ಕೊಟ್ರಪ್ಪ.

ಆ ಓಣಿಯ ನಳಗಳಲ್ಲಿ ಮೂರು ವರ್ಷದಿಂದ ನೀರಿಲ್ಲ. ಊರ ಅಗಸಿಬಾಗಿಲ ಹತ್ತಿರದ ಬೋರ್‌ವೆಲ್ಲಿನಿಂದ ಹೊತ್ತು ತರಬೇಕು. ಮೂರು ವರ್ಷ ಕೊಡ ಹೊತ್ತವರ ಕಣ್ಣಿಗೆ ಹೊಳೆಯುವುದೆಲ್ಲ ನೀರೇ.

"ನೀರ ಬಂತೋ!" ಎಂದು ಲಾಡಸಾಬ ಕೂಗಿದ. "ಕೊಟ್ರಪ್ಪನ ಮನ್ಯಾಗ ನೀರ ಹೊಕ್ಕೈತಿ! ಮೇಜ ಹತ್ತಿ ಕುಂತಾನ!"

ಐದು ನಿಮಿಷದಲ್ಲಿ ಓಣಿಯ ಅಷ್ಟೂ ಕೊಡಗಳು ಕೊಟ್ರಪ್ಪನ ಮನೆ ಮುಂದಿದ್ದವು. ಎಲ್ಲರಿಗಿಂತ ಮುಂದೆ ಲಾಡಸಾಬನ ಹೆಂಡತಿ ರಹಿಮತಬಿ. ಅವಳು ಹೊಸ್ತಿಲಲ್ಲಿ ಬಗ್ಗಿ ಕೊಡ ಅದ್ದಬೇಕು ಎನ್ನುವಷ್ಟರಲ್ಲಿ ಮೂಲೆಯಿಂದ ಚೀರಾಟ ಕೇಳಿತು.

"ಏ ತಂಗಿ! ಮುಟ್ಟಬ್ಯಾಡವಾ! ಯಾರೂ ಕಾಲಿಡಬ್ಯಾಡ್ರಿ!"

"ಒಂದ ಕೊಡ ತುಂಬಕೊಂಡ ಹೋಕ್ಕೀನ್ರಿ ಅಣ್ಣಾರ."

"ಅದು ನೀರಲ್ಲ! ಎಪಾಕ್ಸಿ!"

ರಹಿಮತಬಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಯೋಚಿಸಿದಳು. "ಇರ್ಲಿ ಬಿಡ್ರಿ. ಕುದಿಸಿ, ಸೋಸಿ ಕುಡೀತೀವಿ."

ಹಿಂದಿದ್ದವರು ಒಬ್ಬರಿಗೊಬ್ಬರು ಹೇಳಿಕೊಂಡರು: ನೀರಿನಲ್ಲಿ ಎಪಾಕ್ಸಿ ಎಂಬ ರೋಗ ಬಂದಿದೆಯಂತೆ, ಕೊಟ್ರಪ್ಪ ಯಾರಿಗೂ ಕೊಡುವುದಿಲ್ಲವಂತೆ, ತಾನೊಬ್ಬನೇ ಇಟ್ಟುಕೊಳ್ಳುತ್ತಾನಂತೆ. ಕೊಡ ಕೊಡಕ್ಕೆ ತಾಗಿ ಸದ್ದೆದ್ದಿತು. ಗದ್ದಲದೊಳಗೆ ಕೊಟ್ರಪ್ಪ ರೋಲರಿನ ಕೋಲನ್ನೆತ್ತಿ ಎಲ್ಲರನ್ನೂ ಹಿಂದೆ ಸರಿಸಲು ಬೀಸುತ್ತಿದ್ದ.

ಸರಿಯಾಗಿ ಆಗ ಸಿದ್ದಲಿಂಗೇಶ ಬಂದ.

ಸಿದ್ದಲಿಂಗೇಶ ಆ ಓಣಿಯ ಮುಖಂಡ. ಮುಖಂಡ ಎಂದು ಬೇರೆ ಯಾರೂ ಕರೆಯುತ್ತಿರಲಿಲ್ಲ, ಅಷ್ಟೆ. ವಾರ್ಡಿನ ಚುನಾವಣೆಗೆ ಎರಡು ಸಲ ನಿಂತು ಎರಡು ಸಲವೂ ಕುಳಿತವನು. ಬಿಳಿ ಅಂಗಿಗೆ ದಿನಾ ಗಂಜಿ ಹಾಕಿಸಿಕೊಂಡು, ಹೋರಾಟ ಯಾವ ಗಳಿಗೆಯಲ್ಲಿ ಕರೆಯುತ್ತದೋ ಎಂದು ಕಾಯುತ್ತಿದ್ದ. ಇವತ್ತು ಅವನಿಗೆ ಕಂಡದ್ದು: ಖಾಲಿ ಕೊಡ ಹಿಡಿದು ಕೂಗುತ್ತಿರುವ ಅರವತ್ತು ಹೆಂಗಸರು, ಮನೆಯ ಸಾಮಾನನ್ನೆಲ್ಲ ಬೀದಿಗೆ ಹಾಕಿ, ಎತ್ತರದ ಮೇಲೆ ನಿಂತು, ನೀಲಿ ಬಾವುಟದಂಥದ್ದನ್ನು ಬೀಸುತ್ತಿರುವ ಕೊಟ್ರಪ್ಪ. ಸಿದ್ದಲಿಂಗೇಶನಿಗೆ ಯಾರೂ ವಿವರಿಸುವ ಅಗತ್ಯ ಬೀಳಲಿಲ್ಲ. ತನ್ನನ್ನು ಕೇಳದೆ ಶುರು ಮಾಡಿದ್ದಾರಲ್ಲ ಎಂದು ಒಂದು ಕ್ಷಣ ಬೇಸರವಾಯಿತು. ನುಂಗಿಕೊಂಡು ಹೊಸ್ತಿಲಿಗೆ ಬಂದ.

"ಕೊಟ್ರಪ್ಪಣ್ಣಾ! ಎಷ್ಟು?"

ಬೇಡಿಕೆ ಎಷ್ಟೆಂದು ಅವನು ಕೇಳಿದ್ದು. ಮುಂಜಾನೆಯಿಂದ ಕೊಟ್ರಪ್ಪನಿಗೆ 'ಎಷ್ಟು' ಎಂದರೆ ಒಂದೇ ಅರ್ಥ.

"ಇಪ್ಪತ್ನಾಕ ತಾಸು!" ಎಂದು ಕೂಗಿದ. "ಪೂರ್ತಿ ಅಂದ್ರ ಏಳ ದಿನ! ಅಲ್ಲೀತನಕ ಯಾರೂ ಒಳಗ ಬರೂಹಂಗಿಲ್ಲ, ನಾನೂ ಕೆಳಗ ಇಳಿಯೂದಿಲ್ಲ!"

ಸಿದ್ದಲಿಂಗೇಶನ ಕಣ್ಣು ಒದ್ದೆಯಾದವು. ಓಣಿಯ ಕಡೆ ತಿರುಗಿದ.

"ಕೇಳಿದ್ರೇನು? ಇಪ್ಪತ್ನಾಕ ತಾಸು, ಏಳೂ ದಿನ ನೀರ ಬೇಕಂತ! ಕೊಡೂತನಕ ಇಳಿಯೂದಿಲ್ಲಂತ!"

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಅವರು ಕೇಳುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆಯಾದರೂ ಒಂದು ತಾಸು ಬಿಡಿ ಎಂದು. ಹೊಲಿಗೆ ಮಷೀನಿನ ಕೊಟ್ರಪ್ಪನ ಹೊಟ್ಟೆಯಲ್ಲಿ ಇಂಥ ಬೆಂಕಿ ಇದೆಯೆಂದು ಯಾರಿಗೆ ಗೊತ್ತಿತ್ತು? ಅರವತ್ತು ಕೊಡಗಳು ಒಟ್ಟಿಗೆ ಬಡಿದುಕೊಂಡವು. "ಬೇಕೇ ಬೇಕು! ನೀರು ಬೇಕು!"

"ಲೇ ಸಿದ್ದಲಿಂಗ್ಯಾ!" ಎಂದು ಕೊಟ್ರಪ್ಪ ಅಂಗಲಾಚಿದ. "ಇದು ಹೋರಾಟ ಅಲ್ಲಲೇ! ನಾ ಸಿಕ್ಕೊಂಡೇನಿ!"

ಹೊಸ್ತಿಲಲ್ಲಿದ್ದ ಸಿದ್ದಲಿಂಗೇಶನೊಬ್ಬನಿಗೇ ಅದು ಕೇಳಿಸಿದ್ದು. ಅವನು ಗಂಭೀರವಾಗಿ ತಿರುಗಿದ. "ಇದು ಬರೇ ಹೋರಾಟ ಅಲ್ಲಂತ! ಸಂಕಲ್ಪ ಅಂತ! ನಾವೆಲ್ಲಾ ಕಷ್ಟದಾಗ ಸಿಕ್ಕೊಂಡೀವಂತ!"

ಹತ್ತು ಗಂಟೆಗೆ ಶಾಮಿಯಾನಾ ಬಂತು. ಹನ್ನೊಂದಕ್ಕೆ ಲಾಡಸಾಬ ಬ್ಯಾನರು ಹೊಲಿದು ಕಟ್ಟಿದ. ಬಟ್ಟೆ ಕಡಿಮೆ ಬಿದ್ದು 'ನೀರಿಗಾಗಿ ಕೊಟ್ರ' ಎಂಬಲ್ಲಿಗೇ ನಿಂತಿತು. ಹನ್ನೆರಡಕ್ಕೆ, ಜನ ಸೇರಿದ ಕಡೆ ತಾನಾಗಿ ಹುಟ್ಟುವ ಮಿರ್ಚಿ ಬಜಿಯ ಗಾಡಿ ಬಂದು ನಿಂತಿತು. ಜನರೆಲ್ಲ ಕೈಯಲ್ಲಿ ಗಿರಮಿಟ್ ಮಂಡಕ್ಕಿಯ ಕಾಗದ ಹಿಡಿದು ಕೊಟ್ರಪ್ಪನ ತ್ಯಾಗವನ್ನು ಹೊಗಳಿದರು. ಬಜಿಯ ವಾಸನೆ ನೀಲಿ ನೆಲದ ಮೇಲೆ ಹಾದು ಮೇಜಿನವರೆಗೆ ಬಂತು. ಮುಂಜಾನೆ ಬರೀ ಹೊಟ್ಟೆಯಲ್ಲಿ ಕೆಲಸಕ್ಕೆ ನಿಂತಿದ್ದ ಕೊಟ್ರಪ್ಪ ಕಿಟಕಿಯ ಕಡೆ ಬಾಯಿಗೆ ಕೈ ಒಯ್ದು ತೋರಿಸಿದ.

ರೇಣುಕವ್ವ ಎರಡು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ, ಸುತ್ತಿ, ಸರಳಿನ ಸಂದಿಯಿಂದ ಗುರಿಯಿಟ್ಟು ಎಸೆದಳು. ಗುರಿ ಚೆನ್ನಾಗಿಯೇ ಇತ್ತು. ಕೊಟ್ರಪ್ಪ ಹಿಡಿಯಲೆಂದು ಕೈ ಚಾಚಿದ. ಚಾಚಿದ ಕೈಗೆ ರೊಟ್ಟಿ ತಾಗಿ, ಪುಟಿದು, ನಡುಕೋಣೆಯಲ್ಲಿ ಬಿಚ್ಚಿಕೊಂಡು ಬಿತ್ತು. ಬಿದ್ದದ್ದು ಮತ್ತೆ ಮೇಲೇಳಲಿಲ್ಲ. ಚಂದ್ರನಂತೆ ನೀಲಿಗೆ ಅಂಟಿಕೊಂಡಿತು.

ಹೊರಗಿನವರಿಗೆ ಕಂಡದ್ದು ಹೆಂಡತಿ ಕೊಟ್ಟ ರೊಟ್ಟಿಯನ್ನು ಕೈಯಿಂದ ತಳ್ಳಿದ ಕೊಟ್ರಪ್ಪ.

"ಅನ್ನಾ ಒಗದ್ರು!" ಎಂದು ಯಾರೋ ಉದ್ಗರಿಸಿದರು.

"ಆಮರಣಾಂತ ಉಪವಾಸ!" ಎಂದು ಸಿದ್ದಲಿಂಗೇಶ ಘೋಷಿಸಿದ. ಕೂಡಲೇ ಮನೆಯ ಪಕ್ಕದ ಬಾಗಿಲಿನಿಂದ ಅಡುಗೆಮನೆ ಹೊಕ್ಕು ಕಿಟಕಿಯ ಹತ್ತಿರ ಇಬ್ಬರು ಹೆಂಗಸರನ್ನು ನಿಲ್ಲಿಸಿದ. "ಅಕ್ಕಾರ, ಪ್ರೀತಿಲೆ ಕೊಡಾಕ ಬರ್ತೀರಿ, ಗೊತ್ತೈತಿ. ಆದ್ರ ವ್ರತಾ ಮುರಿಸಬ್ಯಾಡ್ರಿ."

"ಅವರಿಗೆ ಹಸಿವಾಗೇತೋ!" ಎಂದಳು ರೇಣುಕವ್ವ.

"ಇರಬೇಕಲ್ರಿ. ಹಸಿವಿಲ್ಲದ ಉಪವಾಸ ಯಾವ ಉಪವಾಸ?"

'ಮರಣ' ಎಂಬ ಶಬ್ದ ಮೇಜಿನವರೆಗೆ ಸ್ಪಷ್ಟವಾಗಿ ಕೇಳಿಸಿತು. ಇಳಿದು ಓಡಿಬಿಡಲೇ ಎಂದು ಕೊಟ್ರಪ್ಪ ಒಮ್ಮೆ ಒಂದು ಕಾಲು ಕೆಳಗೆ ಬಿಟ್ಟ. ಕೆಳಗೆ ನೆಲ ನಗುತ್ತಿರುವಂತೆ ಹೊಳೆಯಿತು. ಒಂದು ಬೆರಳಿನ ಗುರುತೂ ಇಲ್ಲದ ನೆಲ. ಕಾಲು ಎಳೆದುಕೊಂಡ.

ಎರಡು ಗಂಟೆಗೆ ಲಕ್ಷ್ಮೇಶ್ವರದಿಂದ ಮಹಾದೇವ ಬೈಕಿನ ಮೇಲೆ ಬಂದಿಳಿದ. ರೇಣುಕವ್ವ ತಂಗಿಗೆ ಫೋನು ಮಾಡಿದ್ದಳು. ಮಹಾದೇವನ ಕೈಯಲ್ಲಿ ಮೊಳೆಯ ಚಪ್ಪಲಿಯ ಜೋಡಿ. ಜನರನ್ನು ಸರಿಸಿಕೊಂಡು ಹೊಸ್ತಿಲಿಗೆ ಬಂದ. ನೆಲ ನೋಡಿದ, ಮೂಲೆ ನೋಡಿದ. ಅಷ್ಟು ಜನರ ಮುಂದೆ ಕೇಳಬಾರದ ಪ್ರಶ್ನೆಯನ್ನೇ ಕೇಳಿದ.

"ಅಣ್ಣಾರ, ಬಾಗಲದಿಂದ ಶುರು ಮಾಡಿದ್ರೇನ್ರಿ?"

ಆ ದಿನ ಕೊಟ್ರಪ್ಪ ಹಸಿವು ತಡೆದ, ಬಿಸಿಲು ತಡೆದ, ಘೋಷಣೆಗಳನ್ನು ತಡೆದ. ಇದನ್ನು ತಡೆಯಲಾಗಲಿಲ್ಲ.

"ಚಪ್ಲಿ ಒಗಿ! ಮಾತ ಬ್ಯಾಡ!"

ಮಹಾದೇವ ಮೊದಲನೆಯದನ್ನು ಎಸೆದ, ಕೊಟ್ರಪ್ಪ ಹಿಡಿದ. ಎರಡನೆಯದು ರೊಟ್ಟಿಯ ಪಕ್ಕದಲ್ಲಿ ಮೊಳೆ ಕೆಳಗಾಗಿ ನಾಟಿ ನಿಂತಿತು. ಕೊಟ್ರಪ್ಪ ಇದ್ದ ಒಂದನ್ನೇ ಬಲಗಾಲಿಗೆ ಕಟ್ಟಿದ. ಒಂದು ಕಾಲಲ್ಲಿ ಕುಪ್ಪಳಿಸುತ್ತ ಎರಡನೆಯದರ ತನಕ ಹೋದರೆ ಆಯಿತು. ಮೊದಲು ಮೇಜಿನ ಮೇಲೆಯೇ ಅಭ್ಯಾಸ ಮಾಡೋಣವೆಂದು ಎಡಗಾಲೆತ್ತಿ, ಎರಡು ಕೈ ಚಾಚಿ, ಮೊಳೆಗಳ ಮೇಲೆ ಒಂಟಿಗಾಲಲ್ಲಿ ನಿಂತ.

ಶಾಮಿಯಾನಾದಡಿ ಬಜಿ ಅಗಿಯುವ ಸದ್ದೂ ನಿಂತಿತು. ಒಬ್ಬ ಅಜ್ಜಿ ಕೈ ಮುಗಿದಳು. ಸಿದ್ದಲಿಂಗೇಶ ನೀರಿನ ಕಚೇರಿಗೆ ಅಂದಿನ ಒಂಬತ್ತನೆಯ ಫೋನು ಮಾಡಿದ.

"ಮೇಡಂ, ಮುಂಜಾನಿ ಬರೇ ಕುಂತಿದ್ರು. ಮಧ್ಯಾಹ್ನ ಉಪವಾಸ ಹಿಡದ್ರು. ಈಗ ಮೊಳಿ ಪಾದುಕಿ ಮ್ಯಾಲ ಒಂಟಿಗಾಲ! ಸಂಜೀಕ ಏನ್ ಮಾಡ್ತಾರ ಅನ್ನೂದು ನನ್ನ ಕೈಯಾಗಿಲ್ರಿ."

ಮೂರೂವರೆಗೆ ಜೀಪು ಬಂತು. ಇಳಿದವಳು ನೀರಿನ ಇಂಜಿನಿಯರ್ ವಾಣಿಶ್ರೀ. ಈ ಊರಿಗೆ ವರ್ಗವಾಗಿ ಬಂದು ಇನ್ನೂ ಎರಡು ತಿಂಗಳು. ಬಗಲಲ್ಲಿ ಸುರುಳಿ ಸುತ್ತಿದ ನಕಾಶೆ, ಹಿಂದೆ ಹಾರೆ ಹಿಡಿದ ಇಬ್ಬರು ಕೆಲಸಗಾರರು. ಕೊಡಗಳ ಸದ್ದಿಗೆ ಅವಳು ಹೆದರಲಿಲ್ಲ. ಹೊಸ್ತಿಲಲ್ಲಿ ನಿಂತು, ಎಲ್ಲರೂ ಸುಮ್ಮನಾಗುವವರೆಗೆ ಕಾದು, ಕೇಳಿದಳು.

"ಯಜಮಾನ್ರ, ನಿಮ್ಮ ಬೇಡಿಕಿ ಏನ ಐತಿ, ನೀವ ಹೇಳ್ರಿ."

"ನನಗೇನೂ ಬ್ಯಾಡ್ರಿ ಮೇಡಂ," ಎಂದ ಕೊಟ್ರಪ್ಪ. "ಇಪ್ಪತ್ನಾಕ ತಾಸು ಆದ್ರ ಸಾಕು."

"ತನಗೇನೂ ಬ್ಯಾಡಂತ!" ಎಂದ ಸಿದ್ದಲಿಂಗೇಶ. ಅಜ್ಜಿ ಮತ್ತೆ ಕೈ ಮುಗಿದಳು.

"ಇಪ್ಪತ್ನಾಕ ತಾಸು ಈಗ ಆಗೂದಿಲ್ರಿ," ಎಂದಳು ವಾಣಿಶ್ರೀ. "ಆದ್ರ ದಿನಾ ಎರಡ ತಾಸು ಇವತ್ತಿಂದನ ಕೊಡಬಹುದು. ನಿಮ್ಮ ಓಣಿಗೆ ಬರೋ ದೊಡ್ಡ ಪೈಪಿನ್ಯಾಗ ನೀರ ತುಂಬೇ ಐತಿ. ಮೂರ ವರ್ಷದ ಹಿಂದ ಪೈಪ ಜೋಡಸೂ ಮುಂದ ವಾಲ್ವ್ ಬಂದ್ ಮಾಡಿದ್ರಂತ. ತಗಿಯಾಕ ಬಂದ್ರ ವಾಲ್ವೇ ಸಿಗಲಿಲ್ಲಂತ. ಕಳಿಯೋದಂದ್ರ ಹೆಂಗ್ರಿ, ಅದೇನು ಉಂಗುರಾನ? ನಾ ಹಳೇ ನಕಾಶಿ ಹುಡುಕಿಸಿ ತಂದೀನಿ. ಈ ಲೈಟಿನ ಕಂಬದಿಂದ ಒಂಬತ್ತ ಅಡಿ ಪಶ್ಚಿಮಕ್ಕ ಐತಿ."

ಓಣಿಯಲ್ಲಿ ಹರ್ಷೋದ್ಗಾರ ಎದ್ದಿತು. ಕೆಲಸಗಾರನೊಬ್ಬ ಟೇಪಿನ ತುದಿಯನ್ನು ಕಂಬಕ್ಕೆ ಹಿಡಿದ. ಇನ್ನೊಬ್ಬ ಎಳೆಯುತ್ತ ಬಂದ. ನಾಲ್ಕು ಅಡಿ, ಐದು, ಆರು. ಆರಕ್ಕೆ ಕೊಟ್ರಪ್ಪನ ಹೊಸ್ತಿಲು ಬಂತು. ಕೆಲಸಗಾರ ನಿಂತು ಮೇಡಂ ಮುಖ ನೋಡಿದ. ಅವಳು ನಕಾಶೆ ನೋಡಿದಳು, ತಿರುಗಿಸಿ ಮತ್ತೊಮ್ಮೆ ನೋಡಿದಳು.

"ಇನ್ನೂ ಮೂರ ಅಡಿ ಒಳಗ," ಎಂದಳು.

ಎಲ್ಲರ ಕಣ್ಣೂ ನೀಲಿ ನೆಲಕ್ಕೆ ಹೋದವು. ಆಮೇಲೆ ಮೇಜಿಗೆ ಹೋದವು.

ಕೊಟ್ರಪ್ಪ ಎತ್ತಿದ್ದ ಕಾಲನ್ನು ಮೆಲ್ಲಗೆ ಇಳಿಸಿದ. ಮೂರು ವರ್ಷದ ಹಿಂದೆ ಮಳೆಯ ಎರಚಲು ಬರುತ್ತದೆಂದು ಶಟರನ್ನು ಓಣಿಯ ಕಡೆ ನಾಲ್ಕು ಅಡಿ ಮುಂದಕ್ಕೆ ತಂದಿದ್ದ. ಆಗ ಗಾರೆ ಕೆಲಸದ ಗೌಂಡಿ, ಇಲ್ಲೊಂದು ಕಬ್ಬಿಣದ ಮುಚ್ಚಳ ಐತಲ್ರಿ ಎಂದು ಕೇಳಿದ್ದ. ಯಾವುದೋ ಹಳೇ ಗಟಾರದ್ದು, ಮುಚ್ಚಿ ಕಾಂಕ್ರೀಟು ಹಾಕು ಎಂದವನು ಕೊಟ್ರಪ್ಪನೇ. ಆಮೇಲೆ ಮೂರು ವರ್ಷ ನೀರು ಬಾರದ್ದಕ್ಕೆ ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ಬೈದವನೂ ಅವನೇ.

"ಅದು..." ಎಂದ. "ಅದು ನಾನ ಮುಚ್ಚಿಸಿದ್ದೆ."

ಸಿದ್ದಲಿಂಗೇಶ ಅಭ್ಯಾಸದಂತೆ ಜನರ ಕಡೆ ತಿರುಗಿ ಬಾಯಿ ತೆರೆದ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಮುಚ್ಚಿಕೊಂಡ.

"ಮೂರ ವರ್ಷ," ಎಂದಿತು ಹಿಂದಿನಿಂದ ಒಂದು ದನಿ. "ನನ್ನ ಸೊಂಟಾ ಬಿದ್ದ ಹೋಗೇತಿ," ಎಂದಿತು ಇನ್ನೊಂದು. ಕೊಡ ಹಿಡಿದ ಕೈಗಳ ಹಿಡಿತ ಬೇರೆ ರೀತಿಯದಾಯಿತು. ಕೊಟ್ರಪ್ಪನಿಗೆ ಅದು ಕಂಡಿತು. ಅವನ ಬೆನ್ನಿಗೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ಒಡೀಬೇಕಾಗ್ತದ್ರಿ ಯಜಮಾನ್ರ," ಎಂದಳು ವಾಣಿಶ್ರೀ. "ನೋಟಿಸ್ ಕೊಟ್ಟು ಒಡಸೂದಾದ್ರ ತಿಂಗಳ ಹಿಡೀತದ. ನೀವ ಹೂಂ ಅಂದ್ರ ಈಗ."

ಕೊಟ್ರಪ್ಪ ನೆಲ ನೋಡಿದ. ಬಿಸಿಲು ಇಳಿದು ನೀಲಿ ಇನ್ನಷ್ಟು ಆಳವಾಗಿತ್ತು. ಎಂಟು ತಾಸಿನ ಹಿಂದೆ ಹುಟ್ಟಿದ ನೆಲ. ಅದರ ಮೇಲೆ ಅವನಿನ್ನೂ ಒಂದು ಹೆಜ್ಜೆ ಇಟ್ಟಿರಲಿಲ್ಲ. ಮುಂಜಾನೆಯಿಂದ ಮುನ್ನೂರು ಜನ ಬಂದು ಇಣುಕಿದ್ದರು. ನೀರು ಅಂದವರಿದ್ದರು, ರೋಗ ಅಂದವರಿದ್ದರು, ಜಯವಾಗಲಿ ಅಂದವರಿದ್ದರು. ನೆಲ ಹೇಗಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಒಂದು ತಿಂಗಳ ನೋಟಿಸು ಸಾಕು, ಏನಾದರೂ ದಾರಿ ಸಿಕ್ಕೀತು ಎಂದು ಅವನು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಹೊಸ್ತಿಲಿನಲ್ಲಿ ರಹಿಮತಬಿ ಕೊಡ ಕೆಳಗಿಟ್ಟು ಬಗ್ಗಿದಳು. ಕೈಯಿಂದ ಮುಟ್ಟಲಿಲ್ಲ. ಸುಮ್ಮನೆ ನೋಡಿದಳು.

"ಏನ್ ಚಂದ ಆಗೇತ್ರಿ ಅಣ್ಣಾರ ನೆಲ," ಎಂದಳು. "ನನ್ನ ಮಾರಿ ಕಾಣಸ್ತೈತಿ ನೋಡ್ರಿ, ಮೂಗುಬಟ್ಟಿನ ಸಮೇತ. ಇಂಥಾದನ್ನ ಒಡಿಯೂದು ಪಾಪ ಆಗ್ತೈತಿ. ಮೂರ ವರ್ಷ ಹೊತ್ತೀವಿ, ಇನ್ನೊಂದ ತಿಂಗಳ ಹೊರತೀವಿ ತಗೋರಿ."

ಬೈದಿದ್ದರೆ ಕೊಟ್ರಪ್ಪ ತಡೆದುಕೊಳ್ಳುತ್ತಿದ್ದ. ಕೊಡ ಎಸೆದಿದ್ದರೆ ಮೇಜಿನಡಿ ಅಡಗುತ್ತಿದ್ದ. ಇದಕ್ಕೆ ಅವನ ಬಳಿ ಯಾವ ಮೇಜೂ ಇರಲಿಲ್ಲ. ಕಣ್ಣು ಮಂಜಾದವು, ಅದನ್ನು ಎಪಾಕ್ಸಿಯ ವಾಸನೆಯ ಮೇಲೆ ಹಾಕಿ ಅಂಗಿಯ ತೋಳಿನಿಂದ ಒರೆಸಿಕೊಂಡ.

"ಒಡೀರಿ," ಎಂದ.

"ಯಜಮಾನ್ರ?"

"ಒಡೀರಿ ಅಂದೆ! ಈಗ ಒಡೀರಿ! ನೋಡ್ಕೋತ ಕುಂತ್ರ ನಾ ಬ್ಯಾಡ ಅಂದೇನು!"

ಕೆಲಸಗಾರರು ನುಗ್ಗಿದರು. ಅವರ ಹಿಂದೆ ಓಣಿ ನುಗ್ಗಿತು. ಹೊಸ ನೆಲದ ಮೇಲೆ ನಲವತ್ತು ಹೆಜ್ಜೆಗಳು ಒಟ್ಟಿಗೆ ಪಚಪಚ ಮೂಡಿದವು. ಮೊದಲ ಹಾರೆ ಬಿತ್ತು, ಕೆಳಗಿನ ಕಾಂಕ್ರೀಟಿಗೆ ಠಣ್ ಎಂದು ಪುಟಿದು ಕೆಲಸಗಾರನ ಮೊಣಕೈ ನಡುಗಿಸಿತು. ಎರಡನೆಯದೂ ಪುಟಿಯಿತು. ಮೇಜಿನ ಮೇಲೆ ಕೊಟ್ರಪ್ಪನ ಎದೆ ತನ್ನಷ್ಟಕ್ಕೆ ತಾನೇ ಉಬ್ಬಿತು.

"ಎಪಾಕ್ಸಿ ಅದು!" ಎಂದು ಕೂಗಿದ. "ಸಲೀಸಾಗಿ ಒಡಿಯೂದಿಲ್ಲ! ಇನ್ನೂ ಜೋರ ಹೊಡೀರಿ!"

"ಕಲಸಿದ ಹದಾ ಭಾಳ ಛಲೋ ಕುಂತೈತಿ ಅಣ್ಣಾರ," ಎಂದ ಮಹಾದೇವ. ಬಗ್ಗಿ ಅಂಚು ನೋಡುತ್ತಿದ್ದ. "ನಂದ ಇಷ್ಟ ಜಲ್ದಿ ಬಿಗಿ ಆಗಿದ್ದಿಲ್ಲ."

ಷಡ್ಡಕನ ಬಾಯಿಂದ ಬಂದ ಆ ಮಾತಿಗೆ ಕೊಟ್ರಪ್ಪ ಇನ್ನೂ ನಾಲ್ಕು ನೆಲ ಒಡೆಸಲು ತಯಾರಿದ್ದ. ಹದಿನಾಲ್ಕನೆಯ ಏಟಿಗೆ ಕಾಂಕ್ರೀಟು ಬಿರಿಯಿತು. ಕಬ್ಬಿಣದ ಮುಚ್ಚಳ ಎದ್ದಿತು. ವಾಲ್ವು ಕಿರುಗುಟ್ಟಿ ತಿರುಗಿತು. ಮೂರು ವರ್ಷ ತಡೆದುಕೊಂಡಿದ್ದ ನೀರು ವಾಲ್ವಿನ ಬುಡದಿಂದ ಮೊದಲು ಇಂಜಿನಿಯರ್ ಮೇಡಂ ಮುಖಕ್ಕೆ, ಆಮೇಲೆ ಸಿದ್ದಲಿಂಗೇಶನ ಗಂಜಿ ಹಾಕಿದ ಅಂಗಿಗೆ ಚಿಮ್ಮಿತು. ಓಣಿಯ ಕೊನೆಯಿಂದ ಯಾರದೋ ಮನೆಯ ನಳ ಕೆಮ್ಮುವುದು ಕೇಳಿಸಿತು. "ನಮ್ಮನ್ಯಾಗ ಬಂತು!" ಎಂಬ ಕೂಗಿಗೆ ಎಲ್ಲರೂ ತಂತಮ್ಮ ಮನೆಗೆ ಓಡಿದರು. ಹೋರಾಟಗಾರನೊಬ್ಬ ಮೇಜಿನ ಮೇಲೆ ಉಳಿದಿದ್ದಾನೆಂಬುದು ಯಾರಿಗೂ ನೆನಪಾಗಲಿಲ್ಲ. ಕೊಟ್ರಪ್ಪ ತಾನೇ ಇಳಿದು, ಒಂದು ಕಾಲಿಗೆ ಮೊಳೆಯ ಚಪ್ಪಲಿ, ಒಂದು ಬರಿಗಾಲು, ಟಕ್ ಪಚ್, ಟಕ್ ಪಚ್ ಎಂದು ನಡೆದು ಹೊರಗೆ ಬಂದು ಬಜಿಯ ಗಾಡಿಯ ಮುಂದೆ ನಿಂತ. ಆರು ತಿಂದ. ಏಳನೆಯದು ತಿನ್ನುವಾಗ ಉಪವಾಸ ಮುಗಿದ ಬಗ್ಗೆ ಯಾರೋ ಫೋಟೋ ತೆಗೆದರು.

ಮುಂದಿನ ವಾರ ಓಣಿಯವರಿಗೆ ಒಂದು ಧರ್ಮಸಂಕಟ ಎದುರಾಯಿತು. ನೀರು ತಂದದ್ದಕ್ಕೆ ಕೊಟ್ರಪ್ಪನಿಗೆ ಸನ್ಮಾನ ಮಾಡಬೇಕೋ, ನೀರು ನಿಲ್ಲಿಸಿದ್ದಕ್ಕೆ ಬೈಯಬೇಕೋ? ಎರಡು ಸಭೆ ನಡೆಸಿ, ಎರಡನ್ನೂ ಒಂದೇ ಕಾರ್ಯಕ್ರಮದಲ್ಲಿ ಮುಗಿಸಿದರು. ಮೊದಲು ಬೈದರು, ಆಮೇಲೆ ಶಾಲು ಹೊದಿಸಿದರು. ಸಿದ್ದಲಿಂಗೇಶ ಎರಡಕ್ಕೂ ಸ್ವಾಗತ ಭಾಷಣ ಮಾಡಿದ. ಶಟರ್ ನಾಲ್ಕು ಅಡಿ ಹಿಂದಕ್ಕೆ ಹೋಯಿತು. ಉಳಿದ ನೆಲದಲ್ಲಿ ನಲವತ್ತು ಹೆಜ್ಜೆಗಳೂ ಒಂದು ರೊಟ್ಟಿಯೂ ಕಲ್ಲಿನಂತೆ ಉಳಿದವು. ಉಳಿ ಹಚ್ಚಿ ಮೀಟಿದರೂ ರೊಟ್ಟಿ ಏಳಲಿಲ್ಲ. ಮಷೀನು ತಂದ ಗಿರಾಕಿಗಳು ಅದನ್ನು ನೋಡಿ ಅನುಮಾನಿಸಿದರೆ, "ಗಟ್ಟಿ ಐತೋ ಇಲ್ಲೋ ನೀವ ಹೇಳ್ರಿ," ಎನ್ನುತ್ತಿದ್ದ ಕೊಟ್ರಪ್ಪ.

ಮೂರನೆಯ ವಾರ ಮುಂಡರಗಿ ಕಡೆಯ ಒಂದು ಹಳ್ಳಿಯಿಂದ ಮೂವರು ಬಂದರು. ಮುಂದಾಳು ವೀರು ಎಂಬ ಟ್ರ್ಯಾಕ್ಟರ್ ಮಾಲೀಕ. ಕೊಟ್ರಪ್ಪನ ಕಾಲಿಗೆ ಬೀಳಲು ಬಗ್ಗಿದ. ರೊಟ್ಟಿ ಕಂಡು ಬೆಚ್ಚಿ ಎದ್ದ.

"ನಮ್ಮೂರ ಹಳ್ಳಕ್ಕ ಒಂದ್ ಸೇತುವಿ ಆಗಬೇಕಾಗೇತ್ರಿ. ಅರ್ಜಿ ಕೊಟ್ಟು ಕೊಟ್ಟು ಸಾಕಾತು. ನೀವು ಒಂದ ದಿನ ಕುಂತ್ರ ಆಗಿಬಿಡ್ತೈತಿ ಅಂತ ಎಲ್ಲಾರೂ ಹೇಳಾಕ ಹತ್ಯಾರ. ಇಲ್ಲಾ ಅನಬ್ಯಾಡ್ರಿ."

ನಾನು ಅಂಥವನಲ್ಲಪ್ಪ, ಅದೆಲ್ಲ ತಪ್ಪು ತಿಳುವಳಿಕೆ ಎಂದು ಹೇಳಲು ಕೊಟ್ರಪ್ಪ ಬಾಯಿ ತೆರೆದ. ಹೇಳಿಯೂ ಬಿಡುತ್ತಿದ್ದ. ಆದರೆ ಮನುಷ್ಯನಿಗೆ ಕುತೂಹಲ ಎಂಬುದೊಂದು ಇರುತ್ತದಲ್ಲ.

"ಕುಂಡ್ರೂ ಜಾಗಾ ಹೆಂಥಾದೈತಿ?" ಎಂದು ಕೇಳಿದ.

"ಸಮುದಾಯ ಭವನ ಐತ್ರಿ. ಭಾಳ ದೊಡ್ಡದು."

"ನೆಲ?"

ವೀರು ತನ್ನ ಜೊತೆಯವರ ಮುಖ ನೋಡಿದ. "ಬರೇ ಕಾಂಕ್ರೀಟ್ರಿ. ನಲವತ್ತ ಫೂಟ ಉದ್ದ, ಇಪ್ಪತ್ತ ಅಗಲ."

"ನಲವತ್ತು," ಎಂದ ಕೊಟ್ರಪ್ಪ ಮೆಲ್ಲಗೆ. ಗೂಟದಿಂದ ಅಂಗಿ ತೆಗೆದುಕೊಂಡ. "ನೋಡಿದ್ರ ತಪ್ಪಿಲ್ಲ. ನಡೀರಿ."

ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ರೇಣುಕವ್ವ ಒಳಗೆ ಹೋಗಿ, ಒಲೆ ಹಚ್ಚಿ, ಉಪವಾಸಕ್ಕೆ ಹೊರಟ ಗಂಡನಿಗೆ ಎಂಟು ರೊಟ್ಟಿಯ ಬುತ್ತಿ ಕಟ್ಟಿದಳು.